ಎಂಜಿಬಿ ಸಿಲ್‌ಗೆ ತುಕ್ಕು: ಮನೆಯ ಗ್ಯಾರೇಜಿನಲ್ಲೇ ಕತ್ತರಿಸಿ ಬೆಸೆಯುವ ಕ್ರಮ

ಎಂಜಿಬಿ ಅನ್ನೋ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಬೇರೆ ಚಾಸಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ. ಇದಕ್ಕೂ ಮುಂಚಿನ ಎಂಜಿಎ ಕಾರಿಗೆ ಕೆಳಗೆ ದಪ್ಪ ಚಾಸಿ ಇತ್ತು, ಅದರ ಮೇಲೆ ಬಾಡಿ ಕೂತಿತ್ತು. 1962ರಲ್ಲಿ ಎಂಜಿಬಿ ಬಂದಾಗ ಆ ಚಾಸಿ ಹೋಯಿತು. ತಗಡನ್ನೇ ಮಡಚಿ, ಬೆಸೆದು, ಉದ್ದುದ್ದ ಪೆಟ್ಟಿಗೆ ಮಾಡಿ, ಇಂಜಿನ್ನು, ಚಕ್ರ, ಕೂತವರ ಭಾರವನ್ನೆಲ್ಲ ಆ ಪೆಟ್ಟಿಗೆಗಳೇ ಹೊರುವಂತೆ ಕಟ್ಟಿದರು. ಇದರ ರೋಡ್‌ಸ್ಟರ್ ಮಾದರಿಗೆ ಮೇಲೆ ಗಟ್ಟಿ ಚಾವಣಿಯೂ ಇಲ್ಲ. ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಎರಡು ಸಿಲ್‌ಗಳು ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಟ್ಟಿವೆ. ಸಿಲ್ ತುಕ್ಕು ಹಿಡಿದರೆ ಅಂದ ಕೆಡುವುದು ಸಣ್ಣ ವಿಷಯ. ಕಾರಿನ ಗಟ್ಟಿತನವೇ ಹೋಗುತ್ತದೆ.

ನಾನು ತಿಪಟೂರಿನವನು, ಈಗ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿದ್ದೇನೆ. ನನ್ನದು 1972ರ ರೋಡ್‌ಸ್ಟರ್, ಕ್ರೋಮ್ ಬಂಪರಿನದು. ಅದರ ಎರಡೂ ಬದಿಯ ಸಿಲ್, ನೆಲದ ತಗಡಿನ ಅಂಚು, ಮುಂದಿನ ವಿಂಗ್‌ಗಳ (ಚಕ್ರದ ಮೇಲೆ ಹೊದಿಸಿದ ಹೊರ ತಗಡುಗಳ) ಕೆಳಭಾಗ, ಇಷ್ಟನ್ನೂ ಮನೆಯ ಗ್ಯಾರೇಜಿನಲ್ಲೇ ಬದಲಾಯಿಸಿದೆ. ಆ ಕೆಲಸದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿನಲ್ಲಿ ಹಳೆ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೂ ಇದರಲ್ಲಿ ಬಹಳಷ್ಟು ಉಪಯೋಗಕ್ಕೆ ಬರುತ್ತದೆ. ಅದಕ್ಕೂ ಬೇರೆ ಚಾಸಿ ಇಲ್ಲ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿ ಅದನ್ನೂ ಕೆಳಗಿನಿಂದಲೇ ತಿನ್ನುತ್ತದೆ.

ನೀರಿನ ದಾರಿ ಮೊದಲು ಹುಡುಕಿ

ತುಕ್ಕು ಕಂಡ ಜಾಗದಿಂದ ಕೆಲಸ ಶುರು ಮಾಡಬೇಡಿ. ಆ ಜಾಗಕ್ಕೆ ನೀರು ಎಲ್ಲಿಂದ ಬಂತು, ಬಂದದ್ದು ಯಾಕೆ ಹೊರಗೆ ಹೋಗಲಿಲ್ಲ ಅನ್ನೋದನ್ನು ಮೊದಲು ನೋಡಿ. ಹೊಸ ತಗಡು ಹಾಕಿ ಹಳೆ ನೀರಿನ ದಾರಿಯನ್ನು ಹಾಗೇ ಬಿಟ್ಟರೆ ಕೆಲವೇ ವರ್ಷದಲ್ಲಿ ಅದೇ ಜಾಗ ಮತ್ತೆ ಉಬ್ಬುತ್ತದೆ.

ಎಂಜಿಬಿಯಲ್ಲಿ ನೀರಿಗೆ ಕೆಲವು ಖಾಯಂ ದಾರಿಗಳಿವೆ. ಎಲ್ಲಕ್ಕಿಂತ ಕೆಟ್ಟದ್ದು ಮುಂದಿನ ಚಕ್ರದ ಹಿಂದೆ ಇದೆ. ಅಲ್ಲಿ ವಿಂಗ್ ಒಳಗೆ ಒಂದು ಅಡ್ಡ ತಗಡು, ಅದರ ಅಂಚಿಗೆ ರಬ್ಬರ್ ಪಟ್ಟಿ. ಚಕ್ರ ಎರಚುವ ಕೆಸರು ಬಾಗಿಲ ಕಡೆ ಹೋಗದಿರಲಿ ಅಂತ ಅದನ್ನು ಕೂರಿಸಿದ್ದಾರೆ. ಆ ರಬ್ಬರ್ ಒಣಗಿ ಸೀಳಿದರೆ ಕೆಸರು ಒಳಗೆ ಹೋಗಿ ವಿಂಗ್‌ಗೂ ಬಾಗಿಲ ಕಂಬಕ್ಕೂ ನಡುವೆ ಕೂರುತ್ತದೆ. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪು ಸೇರಿದ ಕೆಸರು ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ. ಅದು ಕೂತಿರುವುದು ಸರಿಯಾಗಿ ಸಿಲ್‌ನ ಮುಂದಿನ ತುದಿಯ ಮೇಲೆ. ಚಕ್ರದ ಮೇಲ್ಗಡೆ ಒಳವಿಂಗಿನ ಪೆಟ್ಟಿಗೆಯ ಮೇಲೂ ಇದೇ ಕೆಸರು ಗುಡ್ಡೆಯಾಗುತ್ತದೆ, ವಿಂಗ್‌ನ ಮೇಲ್ಭಾಗ ಅಲ್ಲೇ ಗುಳ್ಳೆ ಏಳುತ್ತದೆ.

ಎರಡನೇ ದಾರಿ ಹೀಟರಿನದು. ಮುಂದಿನ ಗಾಜಿನ ಕೆಳಗಿರುವ ಜಾಲರಿಯಲ್ಲಿ ಮಳೆನೀರು ಇಳಿಯುತ್ತದೆ. ಅದು ಹೊರಹೋಗಲು ಒಂದು ರಬ್ಬರ್ ಕೊಳವೆ ಇದೆ. ಎಲೆ, ಮಣ್ಣು ಕಟ್ಟಿಕೊಂಡರೆ ನೀರು ತುಂಬಿ ಹೀಟರ್ ಮೂಲಕ ಕಾಲಿಡುವ ಜಾಗಕ್ಕೆ ಬೀಳುತ್ತದೆ. ಕಾರ್ಪೆಟ್ ಕೆಳಗಿನ ಫೆಲ್ಟ್ ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ನೆಲದ ತಗಡು ಒಳಗಿನಿಂದ ಕೊಳೆಯುತ್ತದೆ, ಹೊರಗಿನಿಂದ ನೋಡಿದರೆ ಅಂಡರ್‌ಸೀಲ್ (ಕಾರಿನ ತಳಕ್ಕೆ ಬಳಿದ ದಪ್ಪ ರಕ್ಷಣೆಯ ಲೇಪ) ಚೆನ್ನಾಗೇ ಕಾಣುತ್ತದೆ. ಬಾಗಿಲ ಗಾಜಿನ ಪಕ್ಕದಲ್ಲಿ ಇಳಿಯುವ ನೀರಿಗೆ ಬಾಗಿಲ ತಳದಲ್ಲಿ ಸಣ್ಣ ಕಂಡಿಗಳಿವೆ, ಅವೂ ಕಟ್ಟುತ್ತವೆ. ಸೀಟಿನ ಹಿಂದೆ ಬ್ಯಾಟರಿ ಪೆಟ್ಟಿಗೆ ಇದೆ. ಕ್ರೋಮ್ ಬಂಪರ್ ಕಾರುಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಇರುತ್ತಿತ್ತು. ಅಲ್ಲಿ ನೀರಿನ ಜೊತೆ ಆಸಿಡ್ ಕೂಡ ಸೇರಿ ತಗಡನ್ನು ತಿಂದಿರುತ್ತದೆ.

ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಕೆಲಸ ಮುಗಿದ ಮೇಲೆ ಒಂದೊಂದು ದಾರಿಯನ್ನೂ ಮುಚ್ಚಿದ್ದೀರಾ, ಒಂದೊಂದು ಕಂಡಿಯನ್ನೂ ಬಿಡಿಸಿದ್ದೀರಾ ಅಂತ ಅದೇ ಪುಸ್ತಕ ಹಿಡಿದು ನೋಡಬೇಕು.

ತಟ್ಟಿ, ಚುಚ್ಚಿ ನೋಡಿ

ನಮ್ಮಪ್ಪ ತಿಪಟೂರಿನಲ್ಲಿ ಲಾರಿಗಳಿಗೆ ಟಿಂಕರಿಂಗ್ ಮಾಡುತ್ತಿದ್ದರು. ಅವರು ತಗಡನ್ನು ಕಣ್ಣಿಂದ ನೋಡುವುದಕ್ಕಿಂತ ಕಿವಿಯಿಂದ ನೋಡುತ್ತಿದ್ದರು. ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗುತ್ತಿದ್ದರು. ಒಳ್ಳೆ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಪೊಳ್ಳಾಗಿ ಡಬ್ ಅನ್ನುತ್ತದೆ, ದಪ್ಪ ಪುಟ್ಟಿ ಇದ್ದ ಕಡೆ ಶಬ್ದವೇ ಏಳುವುದಿಲ್ಲ. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ. ಎಂಜಿಬಿ ಕೊಳ್ಳಲು ಹೋಗುವಾಗಲೂ ಇದನ್ನೇ ಮಾಡಿ.

ಜೊತೆಗೆ ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ. ಅದು ಅಂಟದ ಕಡೆ ಪುಟ್ಟಿ ಇದೆ ಅಂತ ಅರ್ಥ. 1960ರ ದಶಕದ ಎಂಜಿಬಿಯ ಬಾನೆಟ್‌ಗೆ ಅಂಟದಿದ್ದರೆ ಮಾತ್ರ ಗಾಬರಿಯಾಗಬೇಡಿ, ಅದು ಅಲ್ಯುಮಿನಿಯಂ. ಆಮೇಲೆ ಹಳೆ ಸ್ಕ್ರೂಡ್ರೈವರ್ ತೆಗೆದುಕೊಂಡು ಸಿಲ್‌ನ ಕೆಳ ಅಂಚು, ವಿಂಗ್‌ಗಳ ಕೆಳಭಾಗ, ನೆಲದ ಮೂಲೆಗಳು, ಹಿಂದಿನ ಸ್ಪ್ರಿಂಗ್‌ನ ಮುಂದಿನ ಕೂರು, ಬ್ಯಾಟರಿ ಪೆಟ್ಟಿಗೆ, ಎಲ್ಲ ಕಡೆ ಗಟ್ಟಿಯಾಗಿ ಒತ್ತಿ. ನಿಮ್ಮದೇ ಕಾರು, ಮರುಕ ಬೇಡ. ಈಗ ತೂತು ಬಿದ್ದರೆ ಒಳ್ಳೆಯದು.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಬಾಗಿಲು ಮುಚ್ಚಿ, ಹಿಂದಿನ ಅಂಚಿನ ಸಂದನ್ನು ಮೇಲಿಂದ ಕೆಳಗೆ ನೋಡಿ. ಈಗ ಆ ಬದಿಯ ಜ್ಯಾಕಿಂಗ್ ಪಾಯಿಂಟ್ ಕೆಳಗೆ ಜಾಕ್ ಇಟ್ಟು ನಿಧಾನವಾಗಿ ಎತ್ತಿ. ಸಂದು ಹಾಗೇ ಇದ್ದರೆ ಸಿಲ್‌ಗೆ ಇನ್ನೂ ಜೀವ ಇದೆ. ಸಂದು ಬದಲಾದರೆ ಅಥವಾ ಬಾಗಿಲು ತೆಗೆಯಲು ಹಾಕಲು ಬಿಗಿಯಾದರೆ ಒಳಗಿನ ತಗಡು ಹೋಗಿದೆ. ಜಾಕ್ ಮೇಲೇರುತ್ತಾ ಕಾರು ಏಳದೆ ಕರಕರ ಸದ್ದು ಬಂದರೆ ತಕ್ಷಣ ಇಳಿಸಿ.

ಹಿಂದೆ ಯಾರಾದರೂ ಮೋಸದ ರಿಪೇರಿ ಮಾಡಿದ್ದಾರಾ ಅನ್ನೋದನ್ನೂ ನೋಡಬೇಕು. ಎಂಜಿಬಿಯ ಅಸಲಿ ಹೊರ ಸಿಲ್ ಬಾಗಿಲಿನ ಉದ್ದಕ್ಕಿಂತ ಜಾಸ್ತಿ ಇದೆ. ಮುಂದೆ ವಿಂಗ್ ಒಳಗೆ, ಹಿಂದೆ ಹಿಂದಿನ ವಿಂಗ್ ಒಳಗೆ ಹೋಗುತ್ತದೆ. ಬಾಗಿಲಿನ ಎರಡು ತುದಿಯಲ್ಲಿ ನೆಟ್ಟಗೆ ವೆಲ್ಡಿಂಗ್ ಗೆರೆ ಕಂಡರೆ ಯಾರೋ ಗಿಡ್ಡ ತಗಡನ್ನು ಹಳೆಯದರ ಮೇಲೆ ಹೊದಿಸಿದ್ದಾರೆ ಅಂತ ತಿಳಿಯಿರಿ. ನನ್ನ ಕಾರಿನಲ್ಲಿ ಎಡಬದಿ ಹಾಗೇ ಇತ್ತು. ಹೊಸ ಹೊದಿಕೆ ಥಳಥಳ ಹೊಳೆಯುತ್ತಿತ್ತು. ಕತ್ತರಿಸಿದಾಗ ಒಳಗೆ ಕೆಂಪು ಪುಡಿ, ಹಪ್ಪಳದಂಥ ಪದರ ಬಿಟ್ಟರೆ ಏನೂ ಉಳಿದಿರಲಿಲ್ಲ. ಇಂಥ ರಿಪೇರಿ ಕಾರಿನಲ್ಲಿ ಕೂರುವವರ ಜೀವದ ಜೊತೆ ಆಡುವ ಆಟ. ಇದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಒಳಗೆ ಎಷ್ಟು ತಗಡುಗಳಿವೆ ಅನ್ನೋದು ಗೊತ್ತಿರಲಿ. ಹೊರಗೆ ಕಾಣುವುದು ಹೊರ ಸಿಲ್. ಅದರ ಹಿಂದೆ ನೆಟ್ಟಗೆ ನಿಂತಿರುವುದು ಮೆಂಬ್ರೇನ್. ಅದರ ಹಿಂದೆ, ಕಾರ್ಪೆಟ್ ಕಡೆಗೆ, ಒಳ ಸಿಲ್. ಕೆಳಗೆ ನೆಲದ ತಗಡಿಗೆ ಸೇರಿಕೊಂಡು ಸ್ವಲ್ಪ ದಪ್ಪ ತಗಡಿನ ಕ್ಯಾಸಲ್ ರೈಲ್. ಮೇಲಿನ ಅಂಚಿನಲ್ಲೂ ಕೆಳಗಿನ ಅಂಚಿನಲ್ಲೂ ಮೂರು ಮೂರು ಪದರ ಒಂದಕ್ಕೊಂದು ಬೆಸೆದಿವೆ. ಪದರಗಳ ಸಂದಿನಲ್ಲಿ ನೀರು ಹಿಡಿದರೆ ತುಕ್ಕು ಅಲ್ಲೇ ಹುಟ್ಟುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ. ಅದು ಉಬ್ಬಿ ಪದರಗಳನ್ನು ದೂಡುತ್ತದೆ, ಸಂದು ಅಗಲವಾಗುತ್ತದೆ, ಇನ್ನಷ್ಟು ನೀರು ಒಳಗೆ ಹೋಗುತ್ತದೆ.

ಕತ್ತರಿಸುವ ಮುಂಚೆ

ಇಡೀ ಕೆಲಸದಲ್ಲಿ ಅವಸರ ಮಾಡಲೇಬಾರದ ಹಂತ ಇದು. ಸಿಲ್ ಕತ್ತರಿಸಿದ ಕೂಡಲೇ ರೋಡ್‌ಸ್ಟರ್ ನಡು ಬಗ್ಗಲು ನೋಡುತ್ತದೆ. ಬಗ್ಗಿದ ಆಕಾರದಲ್ಲೇ ಹೊಸ ಸಿಲ್ ಬೆಸೆದರೆ ಆ ಬಾಗಿಲು ಇನ್ಯಾವತ್ತೂ ಸರಿಯಾಗಿ ಮುಚ್ಚುವುದಿಲ್ಲ.

ಸಮತಟ್ಟಾದ ಸಿಮೆಂಟ್ ನೆಲ ಬೇಕು. ಕಾರನ್ನು ನಾಲ್ಕು ಆಕ್ಸಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಮುಂದೆ ಕ್ರಾಸ್‌ಮೆಂಬರ್ (ಮುಂದಿನ ಚಕ್ರಗಳ ನಡುವಿನ ಗಟ್ಟಿ ಅಡ್ಡ ತೊಲೆ) ಕೆಳಗೆ, ಹಿಂದೆ ಸ್ಪ್ರಿಂಗ್ ಕೂರುವ ಗಟ್ಟಿ ಜಾಗದ ಹತ್ತಿರ ಅಥವಾ ಆಕ್ಸಲ್ ಕೆಳಗೆ. ಸಿಲ್ ಕೆಳಗೆ ಬೇಡ, ಅದನ್ನೇ ಅಲ್ವಾ ಕತ್ತರಿಸುವುದು. ಬಾಗಿಲುಗಳು ಕಾರಿನಲ್ಲೇ ಇರಲಿ. ಎರಡೂ ಬಾಗಿಲ ಸಂದು ಮೇಲಿಂದ ಕೆಳಗೆ ಒಂದೇ ಸಮ ಬರುವವರೆಗೆ ಸ್ಟ್ಯಾಂಡ್‌ಗಳ ಮೇಲೆ ತೆಳ್ಳಗಿನ ತಗಡು, ಮರದ ಚೂರು ಇಟ್ಟು ಹೊಂದಿಸಿ. ಸುಮಾರು 4ರಿಂದ 5 ಮಿ.ಮೀ. ಸಂದು ಎಲ್ಲ ಕಡೆ ಸಿಕ್ಕರೆ ಸಾಕು. ಬಾಗಿಲ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಳತೆ ತೆಗೆದು ಗೋಡೆಯ ಮೇಲೇ ಬರೆಯಿರಿ.

ಈಗ ಆಕಾರವನ್ನು ಹಿಡಿದಿಡಬೇಕು. 25 ಮಿ.ಮೀ.ನ ಚೌಕ ಪೈಪ್ ತಂದು ಬಾಗಿಲ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ, ಒಳಬದಿಯಲ್ಲಿ, ಮೇಲೊಂದು ಕೆಳಗೊಂದು ಬೆಸೆಯಿರಿ. ಬಾಗಿಲು ತೆಗೆಯಲು ಹಾಕಲು ಅಡ್ಡ ಬರಬಾರದು, ಯಾಕಂದ್ರೆ ಕೆಲಸದುದ್ದಕ್ಕೂ ಬಾಗಿಲೇ ನಿಮ್ಮ ಅಳತೆಗೋಲು. ಎಡ ಬಲ ಕಂಬಗಳ ನಡುವೆಯೂ ಒಂದು ಅಡ್ಡ ಪೈಪ್ ಕೊಡಿ. ಆಮೇಲೆ ಒಂದು ಬದಿಯನ್ನು ಪೂರ್ತಿ ಮುಗಿಸಿಯೇ ಇನ್ನೊಂದು ಬದಿಗೆ ಕೈಹಾಕಿ.

ಬೆಂಕಿಯ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಸೀಟು, ಕಾರ್ಪೆಟ್, ಹುಡ್ (ಮಡಚುವ ಬಟ್ಟೆಯ ಚಾವಣಿ) ಎಲ್ಲ ಹೊರಗೆ. ಬ್ಯಾಟರಿ ಹೊರಗೆ, ಆಲ್ಟರ್ನೇಟರ್ ವೈರ್ ಬಿಚ್ಚಿ. ಪೆಟ್ರೋಲ್ ಟ್ಯಾಂಕ್ ಹಿಂದಿನ ಡಿಕ್ಕಿಯ ಕೆಳಗೆ ನೇತಾಡುತ್ತದೆ. ಅದನ್ನು ಖಾಲಿ ಮಾಡಿ, ಬಿಚ್ಚಿ, ಗ್ಯಾರೇಜಿನಿಂದಲೇ ಆಚೆ ಇಡಿ. ಖಾಲಿ ಟ್ಯಾಂಕಿನೊಳಗಿನ ಆವಿ ಪೆಟ್ರೋಲಿಗಿಂತ ಅಪಾಯ, ಟ್ಯಾಂಕಿಗೆ ಯಾವತ್ತೂ ವೆಲ್ಡಿಂಗ್ ಮುಟ್ಟಿಸಬೇಡಿ. ವೆಲ್ಡ್ ಮಾಡುವ ಜಾಗದಿಂದ ಒಂದು ಗೇಣಿನಷ್ಟು ಸುತ್ತಲೂ ಹಳೆ ಅಂಡರ್‌ಸೀಲ್ ಕೆರೆದು ತೆಗೆಯಿರಿ. ಹೀಟ್ ಗನ್ನಿನಿಂದ ಬಿಸಿ ಮಾಡಿದರೆ ಸುಲಭವಾಗಿ ಏಳುತ್ತದೆ. ಹಳೆಯ ಮೇಣ, ಅಂಡರ್‌ಸೀಲ್ ಎರಡೂ ಹೊತ್ತಿಕೊಳ್ಳುತ್ತವೆ, ಅದೂ ನಿಮಗೆ ಕಾಣದ ಮರೆಯಲ್ಲಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಇರಲಿ. ಕೊನೆಯ ವೆಲ್ಡ್ ಆದ ಮೇಲೆ ಒಂದು ಗಂಟೆ ಅಲ್ಲೇ ಇರಿ, ಮನೆಯೊಳಗೆ ಹೋಗಿ ಮಲಗಬೇಡಿ.

ಇನ್ನೊಂದು ಅಪಾಯ ಬಹಳ ಜನರಿಗೆ ಗೊತ್ತಿಲ್ಲ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ತಗಡು ಒರೆಸಿ, ಅದರ ಮೇಲೆ ವೆಲ್ಡ್ ಮಾಡಿದರೆ ಫಾಸ್ಜೀನ್ ಎನ್ನುವ ವಿಷಗಾಳಿ ಹುಟ್ಟುತ್ತದೆ. ಅದು ಪ್ರಾಣ ತೆಗೆಯಬಲ್ಲದು. ಡಬ್ಬಿಯ ಮೇಲಿನ ಬರಹ ಓದಿ. ಒರೆಸಲು ಪೇಂಟಿಂಗ್‌ನವರು ಬಳಸುವ ಪ್ಯಾನೆಲ್ ವೈಪ್ ಸಾಕು, ಅದೂ ಪೂರ್ತಿ ಆರಿದ ಮೇಲೆ ಮಾತ್ರ ವೆಲ್ಡಿಂಗ್. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಗ್ರೈಂಡಿಂಗ್ ಮಾಡುವಾಗ ಒಳ್ಳೆ ಮಾಸ್ಕ್ ಇಲ್ಲದೆ ಉಸಿರಾಡಬೇಡಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೇಡ, ಹತ್ತಿ ಬಟ್ಟೆ ಹಾಕಿಕೊಳ್ಳಿ.

ಬಿಚ್ಚುವುದು, ಕತ್ತರಿಸುವುದು

ಮುಂದಿನ ವಿಂಗ್ ಬೋಲ್ಟ್‌ನಲ್ಲಿ ನಿಂತಿದೆ, ಬಿಚ್ಚಬಹುದು. ಕೆಲವು ದಿನ ಮುಂಚಿನಿಂದಲೇ ಬೋಲ್ಟ್‌ಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಡುತ್ತಿರಿ. ಹಿಂದಿನ ವಿಂಗ್ ಬೆಸೆದಿದೆ. ಸಿಲ್ ತುದಿ ಸಿಗಬೇಕಾದರೆ ಅದರ ಕೆಳಗಿನ ಮೂಲೆಯನ್ನು ಕತ್ತರಿಸಲೇಬೇಕು. ಅದಕ್ಕೆ ಬದಲಿ ತುಂಡು ಮಾರುಕಟ್ಟೆಯಲ್ಲಿ ಸಿಗುತ್ತದೆ. ಕತ್ತರಿಸುವ ಮುಂಚೆ ಹೊಸ ತುಂಡು ಕೈಯಲ್ಲಿರಲಿ, ಗೆರೆಯನ್ನು ಅದನ್ನೇ ಹಿಡಿದು ಎಳೆಯಿರಿ.

ತಗಡಿನ ವಿಷಯದಲ್ಲಿ ಕಾಸು ಉಳಿಸಬೇಡಿ. ಆಕ್ಸ್‌ಫರ್ಡ್‌ಶೈರಿನ ವಿಟ್ನಿಯಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಇದೆ. ಹಳೆ ಕಾರ್ಖಾನೆಯ ಅಚ್ಚುಗಳನ್ನು ಉಳಿಸಿಕೊಂಡು ತಗಡು ಒತ್ತುತ್ತಾರೆ. 1988ರಿಂದ ಎಂಜಿಬಿಯ ಇಡೀ ಬಾಡಿಯನ್ನೇ ಹೊಸದಾಗಿ ಕಟ್ಟಿ ಮಾರುತ್ತಿದ್ದಾರೆ. 1980ರಲ್ಲಿ ಆಬಿಂಗ್ಡನ್ ಕಾರ್ಖಾನೆಯಲ್ಲಿ ನಿಂತುಹೋದ ಕಾರಿಗೆ ಇಂದಿಗೂ ಹೊಸ ತಗಡು ಸಿಗುತ್ತದೆ ಅನ್ನೋದು ನಮ್ಮಂಥವರಿಗೆ ದೊಡ್ಡ ಆಸರೆ. ಅಗ್ಗದ ತಗಡು ಬಾಗಿಲ ತಿರುವಿಗೆ ಕೂರದೆ ಹೋದರೆ, ಅದನ್ನು ಬಡಿದು ಕೂರಿಸಲು ಹಿಡಿಯುವ ಹೊತ್ತೇ ಉಳಿಸಿದ ದುಡ್ಡಿಗಿಂತ ಜಾಸ್ತಿ.

ಹೊರ ಸಿಲ್ ತೆಗೆಯಲು ನಡುವೆ ಉದ್ದಕ್ಕೆ 1 ಮಿ.ಮೀ. ಕಟಿಂಗ್ ಡಿಸ್ಕಿನಿಂದ ಸೀಳಿ ದೊಡ್ಡ ಭಾಗ ತೆಗೆದುಬಿಡಿ. ಅಂಚಿನ ಪಟ್ಟಿಗಳು ಉಳಿಯುತ್ತವೆ. ಅವುಗಳ ಮೇಲೆ ವೈರ್ ಬ್ರಷ್ ಆಡಿಸಿದರೆ ಕಾರ್ಖಾನೆಯ ಸ್ಪಾಟ್ ವೆಲ್ಡ್‌ಗಳು ಸಣ್ಣ ದುಂಡು ಗುಳಿಗಳಾಗಿ ಕಾಣುತ್ತವೆ. 8 ಮಿ.ಮೀ. ಸ್ಪಾಟ್ ವೆಲ್ಡ್ ಕಟರ್‌ನಿಂದ ಮೇಲಿನ ಪದರವನ್ನಷ್ಟೇ ಕೊರೆಯಿರಿ. ತೆಳು ಉಳಿ ಹೊಡೆದರೆ ಪಟ್ಟಿ ಬಿಟ್ಟುಕೊಳ್ಳುತ್ತದೆ. ಕೆಳಗಿನ ಪದರದಲ್ಲಿ ಉಳಿದ ಉಬ್ಬನ್ನು ಫ್ಲ್ಯಾಪ್ ಡಿಸ್ಕಿನಿಂದ ಸವರಿ.

ಈಗ ಮೆಂಬ್ರೇನ್ ಎದುರಿಗೆ ಕಾಣುತ್ತದೆ. ಸಾಮಾನ್ಯವಾಗಿ ಅದರ ಕೆಳಗಿನ ಭಾಗ ಕರಗಿಹೋಗಿರುತ್ತದೆ, ಕ್ಯಾಸಲ್ ರೈಲಿನೊಳಗೆ ತುಕ್ಕಿನ ಪದರ ತುಂಬಿರುತ್ತದೆ. ಎಲ್ಲವನ್ನೂ ವ್ಯಾಕ್ಯೂಮ್‌ನಲ್ಲಿ ಎಳೆದು ಹಾಕಿ. ಕತ್ತರಿಸುವಾಗ ಒಂದೇ ನಿಯಮ, ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಹೋಗಬೇಕು. ತೆಳ್ಳಗಾದ ತಗಡಿಗೆ ಹೊಸ ತಗಡು ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬರುತ್ತದೆ. ನೆಲದ ಅಂಚು ಹೋಗಿದ್ದರೆ ಅದನ್ನೂ ಈಗಲೇ ಕತ್ತರಿಸಿ, ಕ್ಯಾಸಲ್ ರೈಲ್ ಕೂರಲು ಗಟ್ಟಿ ಅಂಚು ಬೇಕು.

ಕೂರಿಸಿ ನೋಡಿ, ಆಮೇಲೆ ಬೆಸೆಯಿರಿ

ಮೊದಲು ಕ್ಯಾಸಲ್ ರೈಲ್, ಆಮೇಲೆ ಮೆಂಬ್ರೇನ್, ಕೊನೆಗೆ ಹೊರ ಸಿಲ್. ಬೆಸೆಯುವ ಮುಂಚೆ ಮೂರನ್ನೂ ಕ್ಲ್ಯಾಂಪ್ ಹಾಕಿ, ಸಣ್ಣ ಸ್ಕ್ರೂ ಕೊಟ್ಟು ಜಾಗದಲ್ಲಿ ನಿಲ್ಲಿಸಿ. ಬಾಗಿಲು ಮುಚ್ಚಿ ನೋಡಿ. ಬಾಗಿಲ ಕೆಳ ಅಂಚಿಗೂ ಸಿಲ್‌ಗೂ ಸಂದು ಸಮ ಇದೆಯಾ? ಮುಂದಿನ ವಿಂಗನ್ನು ಎರಡು ಬೋಲ್ಟ್‌ನಲ್ಲಿ ನಿಲ್ಲಿಸಿ ಅದೂ ಸಿಲ್ ಜೊತೆ ಒಂದೇ ಗೆರೆಯಲ್ಲಿ ಬರುತ್ತದಾ ನೋಡಿ. ಬಿಚ್ಚಿ, ಹೊಂದಿಸಿ, ಮತ್ತೆ ಕೂರಿಸಿ. ಇದು ಬೇಸರದ ಕೆಲಸ ಅನ್ನಿಸಬಹುದು. ಆದರೆ ಕಾರಿನ ಬದಿಯ ಗೆರೆ ಚಂದ ಬರುವುದು ಇಲ್ಲೇ. ನಾನು ವೆಲ್ಡಿಂಗ್‌ಗಿಂತ ಇದಕ್ಕೇ ಜಾಸ್ತಿ ಹೊತ್ತು ಕೊಟ್ಟಿದ್ದೇನೆ.

ಗೋಡೆಯ ಮೇಲೆ ಬರೆದ ಅಳತೆಯನ್ನು ಈಗ ಮತ್ತೆ ತೆಗೆಯಿರಿ. ಎರಡೂ ಒಂದೇ ಇದ್ದರೆ ತಗಡುಗಳನ್ನು ಬಿಚ್ಚಿ, ಒಂದರ ಮೇಲೊಂದು ಕೂರುವ ಅಂಚುಗಳಿಗೆಲ್ಲ ಸತುವಿನ ವೆಲ್ಡ್-ಥ್ರೂ ಪ್ರೈಮರ್ ಹೊಡೆಯಿರಿ. ಬೆಸೆದ ಮೇಲೆ ಆ ಸಂದಿಗೆ ಬ್ರಷ್ ಹೋಗುವುದಿಲ್ಲ. ಮೆಂಬ್ರೇನಿನ ಎರಡೂ ಮುಖಕ್ಕೆ, ಹೊರ ಸಿಲ್‌ನ ಒಳಮುಖಕ್ಕೆ ಈಗಲೇ ಎಪಾಕ್ಸಿ ಪ್ರೈಮರ್ ಬಳಿದಿಡಿ, ಬೆಸೆಯುವ ಅಂಚುಗಳನ್ನು ಮಾತ್ರ ಬಿಟ್ಟು.

ವೆಲ್ಡಿಂಗ್‌ಗೆ ನಾನು ಮಿಗ್ ಮಷೀನ್ (ತಂತಿಯನ್ನೂ ಗ್ಯಾಸನ್ನೂ ತಾನೇ ಬಿಡುವ ವೆಲ್ಡಿಂಗ್ ಯಂತ್ರ) ಬಳಸುತ್ತೇನೆ. 0.6 ಮಿ.ಮೀ. ತಂತಿ, 95 ಪಾಲು ಆರ್ಗಾನ್ 5 ಪಾಲು ಕಾರ್ಬನ್ ಡೈಆಕ್ಸೈಡ್ ಇರುವ ಗ್ಯಾಸ್. ಹೊರ ತಗಡು ಹೆಚ್ಚುಕಮ್ಮಿ 0.9 ಮಿ.ಮೀ. ದಪ್ಪ, ಅದಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಗ್ಯಾಸ್ ಇಲ್ಲದ ಫ್ಲಕ್ಸ್ ತಂತಿಯ ಮಷೀನು ಇಷ್ಟು ತೆಳು ತಗಡಿಗೆ ಒರಟು, ಸುಮ್ನೆ ತೂತು ಬೀಳುತ್ತದೆ. ಗಾಳಿ ಬೀಸಿದರೆ ಗ್ಯಾಸ್ ಹಾರಿಹೋಗಿ ಬೆಸುಗೆ ಸ್ಪಂಜಿನಂತೆ ತೂತುತೂತಾಗುತ್ತದೆ. ಗಾಳಿ ನೇರ ಬೀಳದಂತೆ ಗ್ಯಾರೇಜಿನ ಬಾಗಿಲನ್ನು ಅರ್ಧ ಎಳೆಯಿರಿ, ಪೂರ್ತಿ ಮುಚ್ಚಬೇಡಿ, ಹೊಗೆ ಹೊರಹೋಗಬೇಕು.

ಸಿಲ್ ಅಂಚುಗಳಿಗೆ ಪ್ಲಗ್ ವೆಲ್ಡ್, ಅಂದ್ರೆ ಮೇಲಿನ ತಗಡಿನ ತೂತು ತುಂಬಿ ಕೆಳಗಿನದ್ದಕ್ಕೆ ಬೆಸೆಯುವುದು. ಮೇಲಿನ ಪದರದಲ್ಲಿ 6 ಮಿ.ಮೀ. ತೂತುಗಳನ್ನು ಕಾರ್ಖಾನೆಯ ವೆಲ್ಡ್‌ಗಳು ಇದ್ದಷ್ಟೇ ಅಂತರದಲ್ಲಿ, ಬೇಕಿದ್ದರೆ ಇನ್ನೂ ಸ್ವಲ್ಪ ಹತ್ತಿರ ಹೊಡೆಯಿರಿ. ಮೂರು ಪದರ ಸೇರುವ ಕಡೆ ಮೇಲಿನ ಎರಡಕ್ಕೂ ತೂತು ಬೇಕು, ಕೆಳಗಿನದ್ದಕ್ಕೆ ಬೇಡ. ತೂತಿನೊಳಗೆ ಬಿದ್ದ ಪ್ರೈಮರನ್ನು ಕೆರೆದು ತೆಗೆಯಿರಿ. ಪದರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿರಬೇಕು, ಕೂದಲೆಳೆಯ ಸಂದಿದ್ದರೂ ಕ್ಲ್ಯಾಂಪ್ ಹತ್ತಿರ ತನ್ನಿ. ತಂತಿಯನ್ನು ಕೆಳಗಿನ ತಗಡಿನ ನಡುವಿಗೆ ಹಿಡಿದು ಶುರು ಮಾಡಿ, ಸುತ್ತುತ್ತಾ ಅಂಚಿಗೆ ಬನ್ನಿ.

ಕಾರಿಗೆ ಕೈಹಾಕುವ ಮುಂಚೆ ಅದೇ ದಪ್ಪದ ಚೂರು ತಗಡುಗಳ ಮೇಲೆ ಅಭ್ಯಾಸ ಮಾಡಿ. ಬೆಸೆದ ಎರಡು ಚೂರನ್ನು ವೈಸಿಗೆ ಕಚ್ಚಿಸಿ ಉಳಿಯಿಂದ ಹರಿದು ನೋಡಿ. ಬೆಸುಗೆ ಗಟ್ಟಿ ಇದ್ದರೆ ತಗಡು ಹರಿದು ಬೆಸುಗೆಯ ಗುಂಡು ಉಳಿಯುತ್ತದೆ. ಗುಂಡು ಕಳಚಿ ಕೆಳಗಿನ ತಗಡು ನುಣ್ಣಗೆ ಉಳಿದರೆ ಕರೆಂಟ್ ಸಾಲದು. ಮೇಲಿಂದ ನೋಡಲು ಎರಡೂ ಒಂದೇ ಥರ ಕಾಣುತ್ತವೆ, ಹರಿದು ನೋಡದೆ ಗೊತ್ತಾಗುವುದಿಲ್ಲ. ಈ ಪರೀಕ್ಷೆ ನೂರಕ್ಕೆ ನೂರು ಪಾಸಾಗುವವರೆಗೆ ಸಿಲ್ ಮುಟ್ಟಬೇಡಿ.

ವಿಂಗ್‌ನ ತುಂಡು, ನೆಲದ ತೇಪೆಗಳಿಗೆ ಅಂಚಿಗೆ ಅಂಚು ಬೆಸೆಯುವುದು ನನಗೆ ಇಷ್ಟ, ಮೇಲೆ ಮೇಲೆ ಹೊದಿಸಿದರೆ ಸಂದಿನಲ್ಲಿ ಮತ್ತೆ ನೀರು. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಆಮೇಲೆ ತಗಡು. ಮೂಲೆಗಳನ್ನು ದುಂಡಗೆ ಮಾಡಿ, ಚೂಪು ಮೂಲೆಯಲ್ಲಿ ಬಿಸಿ ಗುಡ್ಡೆಯಾಗುತ್ತದೆ. ಎರಡು ಅಂಚಿನ ನಡುವೆ 1 ಮಿ.ಮೀ. ಒಳಗೆ ಸಂದು ಬಿಡಿ. ಒಂದು ಚುಕ್ಕಿ ಇಲ್ಲಿ, ಇನ್ನೊಂದು ದೂರದ ತುದಿಯಲ್ಲಿ, ಮತ್ತೊಂದು ನಡುವೆ, ಹೀಗೆ ಹಾರಿ ಹಾರಿ ಇಡಿ. ಬರಿಗೈಯಲ್ಲಿ ಮುಟ್ಟುವಷ್ಟು ಆರಿದ ಮೇಲೇ ಮುಂದಿನ ಚುಕ್ಕಿ. ನೀರು ಹಾಕಿ ಆರಿಸಬೇಡಿ. ತಾಮ್ರದ ಪೈಪನ್ನು ಚಪ್ಪಟೆ ಬಡಿದು ಸಂದಿನ ಹಿಂದೆ ಹಿಡಿದರೆ ತೂತು ಬೀಳುವುದು ಬಹಳ ಕಡಿಮೆಯಾಗುತ್ತದೆ. ಬೆಸುಗೆ ತಾಮ್ರಕ್ಕೆ ಅಂಟುವುದಿಲ್ಲ.

ಎಲ್ಲ ಬೆಸೆದು, ಪೂರ್ತಿ ಆರಿದ ಮೇಲಷ್ಟೇ ಆಧಾರದ ಪೈಪ್‌ಗಳನ್ನು ಕತ್ತರಿಸಿ. ಬಾಗಿಲು ಹಾಕಿ ನೋಡಿ.

ತೂತು ಬೀಳದ ತುಕ್ಕು

ಕೆಲವು ಕಡೆ ಮೇಲ್ಮೈ ತುಕ್ಕು ಮಾತ್ರ ಇರುತ್ತದೆ. ವೈರ್ ಬ್ರಷ್, ಸ್ಟ್ರಿಪ್ ಡಿಸ್ಕ್‌ನಿಂದ ಬೆಳ್ಳಗೆ ಹೊಳೆಯುವವರೆಗೆ ತೆಗೆಯಿರಿ. ಸಣ್ಣ ಗುಳಿಗಳಲ್ಲಿ ಉಳಿದ ಕಪ್ಪಿಗೆ ಫಾಸ್ಫಾರಿಕ್ ಆಸಿಡ್ ಬಳಿದು, ಡಬ್ಬಿಯಲ್ಲಿ ಬರೆದಂತೆ ತೊಳೆದು ಒಣಗಿಸಿ. ತುಕ್ಕನ್ನು ಕಪ್ಪು ಮಾಡುವ ರಸ್ಟ್ ಕನ್ವರ್ಟರ್‌ಗೆ ಅದರದ್ದೇ ಜಾಗ ಇದೆ, ಬ್ರಷ್ ಪೂರ್ತಿ ತಲುಪದ ಮೂಲೆಗಳಿಗೆ. ಅದು ತೆಳ್ಳಗಾದ ತಗಡಿಗೆ ಬಲ ಕೊಡುವುದಿಲ್ಲ. ಸಿಲ್‌ಗೆ ಅದನ್ನು ಬಳಿದು ರಿಪೇರಿ ಆಯ್ತು ಅನ್ನುವವರ ಮಾತು ಕೇಳಬೇಡಿ.

ಕೀಲು, ಬ್ರಾಕೆಟ್‌ನಂಥ ಸಣ್ಣ ಸಾಮಾನಿಗೆ ವಿದ್ಯುತ್ ಸ್ನಾನ ಒಳ್ಳೆಯದು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೀರು, 5 ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡ. ಬ್ಯಾಟರಿ ಚಾರ್ಜರಿನ ಮೈನಸ್ ತುದಿ ತುಕ್ಕಿನ ಸಾಮಾನಿಗೆ, ಪ್ಲಸ್ ತುದಿ ಯಾವುದಾದರೂ ಹಳೆ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಪ್ಲಸ್ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಯಾವ ಕಾರಣಕ್ಕೂ ಬೇಡ, ನೀರಿಗೆ ವಿಷದ ಕ್ರೋಮಿಯಂ ಸೇರುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲಿ ಮಾಡಿ, ಕಿಡಿ ಹತ್ತಿರ ತರಬೇಡಿ. ಸ್ಪ್ರಿಂಗ್, ಹದ ಕೊಟ್ಟ ಬೋಲ್ಟ್‌ಗಳನ್ನು ಇದರಲ್ಲಿ ಮುಳುಗಿಸಬೇಡಿ, ಹೈಡ್ರೋಜನ್ ಒಳಸೇರಿ ಅವು ಪೆಡಸಾಗುತ್ತವೆ.

ಪ್ರೈಮರ್, ಸೀಲರ್, ಮೇಣ

ಬೆಳ್ಳಗೆ ಮಾಡಿದ ತಗಡನ್ನು ಅದೇ ದಿನ ಮುಚ್ಚಬೇಕು. ಇಂಗ್ಲೆಂಡಿನ ಹವೆಯಲ್ಲಿ ಬೆಳಗಾಗುವುದರೊಳಗೆ ಕಂದು ಬಣ್ಣ ಕಟ್ಟುತ್ತದೆ. ನನ್ನ ಆಯ್ಕೆ ಎರಡು ಡಬ್ಬಿ ಬೆರೆಸಿ ಬಳಸುವ ಎಪಾಕ್ಸಿ ಪ್ರೈಮರ್, ಬ್ರಷ್‌ನಲ್ಲೇ ಬಳಿಯಬಹುದು. ಅದು ನೀರು ಬಿಡುವುದಿಲ್ಲ. ಉಜ್ಜಿ ಸಮ ಮಾಡುವ ದಪ್ಪ ಪ್ರೈಮರ್ ನೀರು ಹೀರುತ್ತದೆ, ಕಾರನ್ನು ಬರೀ ಅದರಲ್ಲಿ ಚಳಿಗಾಲ ಕಳೆಯಲು ಬಿಡಬೇಡಿ. ಪುಟ್ಟಿ ಎಪಾಕ್ಸಿಯ ಮೇಲೆ ಹಾಕಿ, 2ರಿಂದ 3 ಮಿ.ಮೀ.ಗಿಂತ ದಪ್ಪ ಬೇಡ. ಇನ್ನೂ ದಪ್ಪ ಬೇಕು ಅನ್ನಿಸಿದರೆ ತಗಡನ್ನೇ ಬಡಿದು ಸರಿಮಾಡಿ.

ಕೊನೆಯ ಬಣ್ಣವನ್ನು ನಾನು ಅಂಗಡಿಯವರಿಗೇ ಬಿಟ್ಟೆ. ಎರಡು ಡಬ್ಬಿಯ ಕಾರು ಬಣ್ಣಗಳಲ್ಲಿ ಐಸೋಸಯನೇಟ್ ಇರುತ್ತದೆ. ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಅದನ್ನು ಸ್ಪ್ರೇ ಮಾಡಿದರೆ ಶ್ವಾಸಕೋಶಕ್ಕೆ ಖಾಯಂ ಪೆಟ್ಟು. ಮನೆ ಪಕ್ಕದವರಿಗೂ ಅದು ಒಳ್ಳೆಯದಲ್ಲ.

ಎಪಾಕ್ಸಿ ಒಣಗಿದ ಮೇಲೆ ಪ್ರತಿ ಜೋಡಣೆಗೂ ಸೀಮ್ ಸೀಲರ್ (ಸಂದು ಮುಚ್ಚುವ ಅಂಟು) ಬಳಿಯಿರಿ, ಪ್ರೈಮರ್ ಇಲ್ಲದ ತಗಡಿನ ಮೇಲೆ ನೇರವಾಗಿ ಬೇಡ. ಸಿಲ್‌ನ ನೀರಿನ ಕಂಡಿಗಳನ್ನು ಮಾತ್ರ ಮುಚ್ಚಬೇಡಿ. ಮುಂದಿನ ವಿಂಗ್ ಕೂರಿಸುವಾಗ ಆ ಅಡ್ಡ ತಗಡಿಗೆ ಹೊಸ ರಬ್ಬರ್ ಹಾಕಿ. ಅಗ್ಗದ ಸಾಮಾನು, ಆದರೆ ಸಿಲ್‌ನ ಮುಂದಿನ ತುದಿ ಉಳಿಯುವುದು ಅದರಿಂದಲೇ.

ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಸಿಲ್ ಒಳಗೆ ಮೇಣ. ಡಿನಿಟ್ರಾಲ್, ವ್ಯಾಕ್ಸಾಯಿಲ್ ಥರದ ಕ್ಯಾವಿಟಿ ವ್ಯಾಕ್ಸ್ ಸಿಗುತ್ತದೆ. ಬೆಚ್ಚಗಿನ ದಿನ ಆರಿಸಿಕೊಳ್ಳಿ, ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟು ತೆಳ್ಳಗೆ ಮಾಡಿ. ಸುತ್ತಲೂ ಚಿಮ್ಮುವ ಉದ್ದ ನಳಿಕೆಯನ್ನು ಸಿಲ್‌ನ ಪೂರ್ತಿ ಉದ್ದಕ್ಕೆ ತೂರಿಸಿ, ಚಿಮ್ಮಿಸುತ್ತಾ ನಿಧಾನಕ್ಕೆ ಹೊರಗೆಳೆಯಿರಿ. ಮೆಂಬ್ರೇನಿನ ಎರಡೂ ಕಡೆ ಹೋಗಬೇಕು, ಒಂದು ಕಡೆ ಮಾತ್ರ ಹೊಡೆದರೆ ಅರ್ಧ ಕೆಲಸ. ಕೆಳಗಿನ ಕಂಡಿಗಳಿಂದ ಮೇಣ ತೊಟ್ಟಿಕ್ಕಲಿ. ಬಾಗಿಲ ತಳ, ವಿಂಗ್ ಒಳಗಡೆ, ಕ್ಯಾಸಲ್ ರೈಲ್, ಎಲ್ಲಕ್ಕೂ ಇದೇ ಉಪಚಾರ.

ಈಗ ಆ ಪುಸ್ತಕ ತೆಗೆಯಿರಿ. ಹೀಟರ್ ಜಾಲರಿಗೆ ಪೈಪಿನಿಂದ ನೀರು ಬಿಡಿ, ಕಾರಿನ ಕೆಳಗೆ ಸುರಿಯುತ್ತದಾ ಅಥವಾ ಒಳಗೆ ಬರುತ್ತದಾ ನೋಡಿ. ಬಾಗಿಲ ಗಾಜಿನ ಮೇಲೆ ನೀರು ಬಿಡಿ, ತಳದ ಕಂಡಿಯಿಂದ ಬರಬೇಕು. ಇದೆಲ್ಲ ಕಾರ್ಪೆಟ್ ಹಾಕುವ ಮುಂಚೆ.

ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗದ ಕಾರುಗಳಿಗೆ ಎಂಒಟಿ ಪರೀಕ್ಷೆ (ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ತಪಾಸಣೆ) ಕಡ್ಡಾಯವಲ್ಲ. ಆದರೂ ನಾನು ದುಡ್ಡು ಕೊಟ್ಟು ಮಾಡಿಸುತ್ತೇನೆ. ಸೀಟ್ ಬೆಲ್ಟ್, ಸಸ್ಪೆನ್ಷನ್, ಸ್ಟಿಯರಿಂಗ್ ಹಿಡಿದಿರುವ ಜಾಗಗಳ ಸುತ್ತ 30 ಸೆಂ.ಮೀ.ವರೆಗೆ ತಗಡು ಗಟ್ಟಿ ಇದೆಯಾ ಅಂತ ಅಲ್ಲಿ ನೋಡುತ್ತಾರೆ. ತೇಪೆ ಹಾಕಿದ್ದರೆ ಸುತ್ತಲೂ ಬಿಡದೆ ಬೆಸೆದಿರಬೇಕು. ಬೇರೆಯವರ ಕಣ್ಣು ಒಮ್ಮೆ ನಮ್ಮ ಕೆಲಸದ ಮೇಲೆ ಬೀಳಲಿ. ಪ್ರತಿ ಹಂತದ ಫೋಟೋ ತೆಗೆದಿಟ್ಟುಕೊಳ್ಳಿ, ಬಣ್ಣ ಬಳಿದ ಮೇಲೆ ಒಳಗಿನ ಕೆಲಸ ಯಾರಿಗೂ ಕಾಣುವುದಿಲ್ಲ, ಮುಂದೆ ಕಾರು ಕೊಳ್ಳುವವರಿಗೆ ಅದೇ ಪುರಾವೆ.

ಅಕ್ಟೋಬರಿನಲ್ಲಿ, ರಸ್ತೆಗೆ ಉಪ್ಪು ಬೀಳುವ ಮುಂಚೆ, ಸಿಲ್ ಕಂಡಿಗಳಿಗೆ ತೆಳು ತಂತಿ ಹಾಕಿ ಬಿಡಿಸಿ, ಮೇಣ ತೆಳ್ಳಗಾದ ಕಡೆ ಮತ್ತೆ ಹೊಡೆಯಿರಿ. ವಸಂತದಲ್ಲಿ ಚಕ್ರದ ಗೂಡುಗಳನ್ನು ಪೈಪಿನಿಂದ ತೊಳೆಯಿರಿ, ಒಳವಿಂಗಿನ ಮೇಲಿನ ಕೆಸರಿಗೆ ಕೈ ಹಾಕಿ ತೆಗೆಯಿರಿ, ಕಾರ್ಪೆಟ್ ಎತ್ತಿ ಫೆಲ್ಟ್ ಒದ್ದೆ ಇದೆಯಾ ಮುಟ್ಟಿ ನೋಡಿ. ಒದ್ದೆ ಇದ್ದರೆ ಅದೇ ದಿನ ಹೀಟರ್ ಕೊಳವೆ ಬಿಚ್ಚಿ ತೊಳೆಯಿರಿ.